ಸುರಂಗದೊಳಗೆ ದೊಡ್ಡ ಯಂತ್ರಗಳ ನಡುವೆ ಕೆಲಸ: ಒಳಗೆ ಹೋಗುವಾಗಿಂದ ಹೊರಗೆ ಬರುವವರೆಗೆ

ರಸ್ತೆಯಲ್ಲಿ ಲಾರಿ ಹಿಂದಕ್ಕೆ ಬಂದರೆ ಪಕ್ಕಕ್ಕೆ ಸರಿದರೆ ಆಯ್ತು. ಸುರಂಗದಲ್ಲಿ ಆ ‘ಪಕ್ಕ’ ಅನ್ನುವುದೇ ಇರುವುದಿಲ್ಲ. ಒಂದು ಕಡೆ ಬಂಡೆ. ಇನ್ನೊಂದು ಕಡೆ ನೀರಿನ ಪೈಪು, ಕೇಬಲ್ಲು, ಚರಂಡಿ. ತಲೆಯ ಮೇಲೆ ಗಾಳಿ ತರುವ ಕೊಳವೆ. ಉಳಿದ ಜಾಗದಲ್ಲೇ ಲೋಡರ್ ಬರಬೇಕು, ಡಂಪರ್ ತಿರುಗಬೇಕು, ನೀವೂ ನಡೆಯಬೇಕು.

ಸುರಂಗದ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮತ್ತು ಅವರನ್ನು ನೋಡಿಕೊಳ್ಳುವ ಮೇಲ್ವಿಚಾರಕರಿಗೆ ಈ ಬರಹ. ಒಂದು ಶಿಫ್ಟ್ ಹೇಗೆ ಸಾಗುತ್ತದೋ ಅದೇ ಕ್ರಮದಲ್ಲಿ ಹೇಳುತ್ತಾ ಹೋಗುತ್ತೇನೆ. ಮುಂದೆ ಬರುವ ಹೆಚ್ಚಿನ ಮಾತುಗಳಿಗೆ ಬೇರು ಒಂದೇ: ಆಪರೇಟರ್‌ಗೆ ನೀವು ಕಾಣುತ್ತಿಲ್ಲ ಅಂತಲೇ ಅಂದುಕೊಂಡು ಹೆಜ್ಜೆ ಇಡಿ. ಕಂಡಿರಿ ಅಂತ ಅವರೇ ಸನ್ನೆ ಮಾಡಿ ತೋರಿಸುವವರೆಗೂ ಹಾಗೇ ಅಂದುಕೊಳ್ಳಿ.

ಒಳಗೆ ಹೋಗುವ ಮೊದಲು

ಸುರಂಗದ ಬಾಯಲ್ಲಿ ಟ್ಯಾಗ್ ಬೋರ್ಡ್ ಇರುತ್ತದೆ. ಒಳಗೆ ಹೋಗುವಾಗ ನಿಮ್ಮ ಟ್ಯಾಗ್ (ಗುರುತಿನ ಬಿಲ್ಲೆ) ಅದಕ್ಕೆ ಹಾಕಬೇಕು, ಬರುವಾಗ ತೆಗೆಯಬೇಕು. ಒಬ್ಬರ ಟ್ಯಾಗನ್ನು ಇನ್ನೊಬ್ಬರು ಹಾಕುವುದು ಬೇಡ. ಬೆಂಕಿ ಬಿದ್ದಾಗ ಒಳಗೆ ಎಷ್ಟು ಜನ ಇದ್ದಾರೆ ಅಂತ ಹೊರಗಿನವರಿಗೆ ಹೇಳುವುದು ಆ ಬೋರ್ಡೇ.

ಹೆಲ್ಮೆಟ್, ತಲೆ ಲೈಟು, ಸ್ಟೀಲ್ ತುದಿಯ ಗಮ್‌ಬೂಟು, ಕನ್ನಡಕ, ಕಿವಿಗೆ ರಕ್ಷಣೆ, ಮಾಸ್ಕು, ಸೊಂಟಕ್ಕೆ ಸೆಲ್ಫ್ ರೆಸ್ಕ್ಯೂವರ್ (ಹೊಗೆ ತುಂಬಿದಾಗ ಉಸಿರಾಡಲು ಬಳಸುವ ಸಣ್ಣ ಸಾಧನ). ಇವೆಲ್ಲ ನಿಮಗೆ ಗೊತ್ತು. ಜನ ಮರೆಯುವುದು ಜಾಕೆಟ್ಟಿನ ಕೊಳೆಯನ್ನು. ಹೊಳೆಯುವ ಪಟ್ಟಿಗೆ ಕೆಸರು ಮೆತ್ತಿದರೆ ಆ ಜಾಕೆಟ್ಟು ಕತ್ತಲಲ್ಲಿ ಗೋಣಿಚೀಲಕ್ಕೆ ಸಮ. ಶಿಫ್ಟಿಗೆ ಮುಂಚೆ ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಅರ್ಧ ನಿಮಿಷದ ಕೆಲಸ. ಕುತ್ತಿಗೆಗೆ ಸುತ್ತಿದ ಟವೆಲ್, ಬೆರಳಿನ ಉಂಗುರ, ಕಿವಿಯಲ್ಲಿ ಇಯರ್‌ಫೋನ್ ಹೊರಗೇ ಉಳಿಯಲಿ. ತಿರುಗುವ ಯಂತ್ರಕ್ಕೆ ಸಿಗಲು ಬಟ್ಟೆಯ ಒಂದು ತುದಿ ಸಾಕು.

ಶಿಫ್ಟ್ ಶುರುವಿನ ಟೂಲ್‌ಬಾಕ್ಸ್ ಮಾತುಕತೆಯಲ್ಲಿ (ಅಂದಿನ ಕೆಲಸದ ಸುರಕ್ಷತೆಯ ಬಗ್ಗೆ ಗ್ಯಾಂಗಿನ ಚರ್ಚೆ) ಸುಮ್ನೆ ತಲೆ ಆಡಿಸಿ ಸಹಿ ಹಾಕಿ ಬರಬೇಡಿ. ಮೂರು ಪ್ರಶ್ನೆ ಕೇಳಿ. ಇವತ್ತು ಒಳಗೆ ಯಾವ್ಯಾವ ಯಂತ್ರ ಓಡುತ್ತವೆ? ಅವು ಎಲ್ಲಿ ತಿರುಗುತ್ತವೆ? ಸಿಗ್ನಲ್ ಕೊಡುವವರು ಯಾರು? ಸುರಂಗದ ಗ್ಯಾಂಗಿನಲ್ಲಿ ನಾಲ್ಕೈದು ಭಾಷೆಯವರು ಇರುವುದು ಸಾಮಾನ್ಯ. ಹಾಗಾಗಿ ಬಾಯಿ ಮಾತಿಗಿಂತ ಕೈಸನ್ನೆ ಮತ್ತು ಲೈಟಿನ ಸನ್ನೆಯನ್ನು ಎಲ್ಲರೂ ಒಟ್ಟಿಗೆ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ತಲೆ ಲೈಟನ್ನು ಅಡ್ಡಡ್ಡ ಆಡಿಸಿದರೆ ‘ನಿಲ್ಲಿಸು’ ಅಂತ ಬಹಳ ಕಡೆ ಅರ್ಥ. ನಿಮ್ಮ ಸೈಟಿನಲ್ಲೂ ಅದೇನಾ ಅಂತ ಕೇಳಿಕೊಂಡೇ ಹೋಗಿ.

ಆಪರೇಟರ್ ಆದವರು ಯಂತ್ರದ ಸುತ್ತ ಒಂದು ಸುತ್ತು ಬರಬೇಕು. ಬ್ರೇಕು, ಹಾರ್ನು, ಲೈಟು, ರಿವರ್ಸ್ ಅಲಾರಂ, ಕ್ಯಾಮೆರಾ, ಎಣ್ಣೆ ಸೋರಿಕೆ, ಟಯರು, ಬೆಂಕಿ ಆರಿಸುವ ವ್ಯವಸ್ಥೆ ಎಲ್ಲವನ್ನೂ ನೋಡಬೇಕು. ‘ಈ ಒಂದು ಶಿಫ್ಟ್ ಹೇಗೋ ಓಡಿಸಿಬಿಡೋಣ’ ಅನ್ನುವ ಮಾತು ಬ್ರೇಕಿನ ವಿಷಯದಲ್ಲಂತೂ ಬೇಡವೇ ಬೇಡ. ಸುರಂಗದ ದಾರಿ ಬಹಳ ಸಲ ಇಳಿಜಾರು, ಕೆಳಗೆ ಇರುವವರು ನಿಮ್ಮದೇ ಗ್ಯಾಂಗಿನವರು.

ನಡೆದು ಹೋಗುವ ದಾರಿ

ನಡೆಯುವವರಿಗೆ ಬೇರೆ ದಾರಿ ಇದ್ದು, ಅದಕ್ಕೂ ಯಂತ್ರದ ದಾರಿಗೂ ನಡುವೆ ಗಟ್ಟಿ ತಡೆ ಇದ್ದರೆ ಅರ್ಧ ಅಪಾಯ ಅಲ್ಲಿಗೇ ಮುಗಿಯಿತು. ಬರೀ ಹಳದಿ ಗೆರೆ ಎಳೆದು ‘ಇದು ನಡೆಯುವ ದಾರಿ’ ಅಂದರೆ ಸಾಲದು. ಎರಡು ದಿನದಲ್ಲಿ ಕೆಸರು ಆ ಗೆರೆಯನ್ನು ನುಂಗಿಬಿಡುತ್ತದೆ. ಸರಪಳಿ, ರೇಲಿಂಗ್, ಕಾಂಕ್ರೀಟ್ ಬ್ಲಾಕ್, ಏನಾದರೂ ಒಂದು ಇರಲಿ.

ಬೇರೆ ದಾರಿಗೆ ಜಾಗವೇ ಇಲ್ಲದ ಕಡೆ ಗೋಡೆಯಲ್ಲಿ ಅಲ್ಲಲ್ಲಿ ಗೂಡು ಮಾಡಿರುತ್ತಾರೆ. ಯಂತ್ರದ ಸದ್ದು ಕೇಳಿದ ಕೂಡಲೇ ಹತ್ತಿರದ ಗೂಡಿಗೆ ಹೋಗಿ ನಿಲ್ಲಿ, ಅದು ದಾಟುವವರೆಗೆ ಹೊರಗೆ ಬರಬೇಡಿ. ಆ ಗೂಡಿನಲ್ಲಿ ಸಿಮೆಂಟ್ ಚೀಲ, ಹಳೇ ಪೈಪು ತುಂಬಿದ್ದರೆ ಅದು ಗೂಡಲ್ಲ, ಗೋದಾಮು. ಮೇಲ್ವಿಚಾರಕರು ಇದನ್ನು ದಿನಾ ನೋಡಬೇಕು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಂಟೆಗೆ 20 ಕಿ.ಮೀ. ಅಂದರೆ ಮೇಲಿನ ರಸ್ತೆಯಲ್ಲಿ ಸೈಕಲ್ಲಿನ ವೇಗ. ಆ ವೇಗದಲ್ಲಿ ಡಂಪರ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಆಪರೇಟರ್ ನಿಮ್ಮನ್ನು ನೋಡಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಹಿಡಿಯುವ ಮೊದಲೇ ಅದು 8 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ಒದ್ದೆ ನೆಲ, ತುಂಬಿದ ಲೋಡು, ಇಳಿಜಾರು. ಡಂಪರ್ ನಿಧಾನಕ್ಕೆ ಬರ್ತಾ ಇದೆ ಅಂತ ಅದರ ಮುಂದೆ ದಾರಿ ದಾಟುವವರು ಈ 8 ಮೀಟರನ್ನು ನೆನಪಿಟ್ಟುಕೊಳ್ಳಬೇಕು.

ತಲೆ ಲೈಟನ್ನು ನೇರ ಆಪರೇಟರ್ ಕಣ್ಣಿಗೆ ಹಿಡಿಯಬೇಡಿ. ಕಣ್ಣು ಕೋರೈಸಿದರೆ ನಿಮ್ಮ ಜೊತೆ ಪಕ್ಕದಲ್ಲಿರುವವರೂ ಅವರಿಗೆ ಕಾಣುವುದಿಲ್ಲ.

ಯಂತ್ರದ ಕುರುಡು ಜಾಗ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿ.

ಸುರಂಗದಲ್ಲಿ ಕಲ್ಲು ಮಣ್ಣು ಎತ್ತಿ ತುಂಬುವ, ಎತ್ತರ ಕಡಿಮೆ ಇರುವ ಲೋಡರ್ ಅನ್ನೇ ನೋಡಿ. ಅದರಲ್ಲಿ ಆಪರೇಟರ್ ಮುಂದಕ್ಕೆ ಮುಖ ಮಾಡಿ ಕೂರುವುದಿಲ್ಲ, ಅಡ್ಡಲಾಗಿ ಕೂರುತ್ತಾರೆ. ಎಡಕ್ಕೆ ತಿರುಗಿದರೆ ಒಂದು ತುದಿ, ಬಲಕ್ಕೆ ತಿರುಗಿದರೆ ಇನ್ನೊಂದು ತುದಿ. ಹಿಂದೆ ಮುಂದೆ ಎರಡೂ ಕಡೆ ಓಡಿಸಲು ಇದು ಅನುಕೂಲ. ಆದರೆ ಅವರು ಕೂತ ಬದಿಗೆ ಎದುರು ಬದಿ ಇದೆಯಲ್ಲ, ಅಲ್ಲಿ ಎಂಜಿನ್ನಿನ ಮೈ ಅಡ್ಡ ಬರುತ್ತದೆ. ಅಲ್ಲಿ ನಿಂತ ಮನುಷ್ಯ ಪೂರ್ತಿ ಮಾಯ. 10 ಟನ್ ಹೊರುವ ಇಂಥ ಲೋಡರ್ ಖಾಲಿ ಇದ್ದಾಗಲೇ 25 ಟನ್ನಿನ ಆಸುಪಾಸು ತೂಗುತ್ತದೆ. ಮನುಷ್ಯನಿಗೆ ತಾಗಿದರೆ ಒಳಗೆ ಕೂತವರಿಗೆ ಗೊತ್ತೂ ಆಗದಿರಬಹುದು.

ಇನ್ನೊಂದು ಜಾಗ ಯಂತ್ರದ ನಡು. ಈ ಲೋಡರ್‌ಗಳು ಚಕ್ರ ತಿರುಗಿಸಿ ತಿರುಗುವುದಿಲ್ಲ, ನಡುವಿನ ಕೀಲಿನಲ್ಲಿ ಮೈಯನ್ನೇ ಬಾಗಿಸಿ ತಿರುಗುತ್ತವೆ. ನೇರ ನಿಂತಾಗ ನಡುವೆ ಒಬ್ಬರು ನಿಲ್ಲುವಷ್ಟು ಸಂದಿ ಇರುತ್ತದೆ. ಸ್ಟಿಯರಿಂಗ್ ತಿರುಗಿದರೆ ಆ ಸಂದಿ ಮುಚ್ಚಿಕೊಳ್ಳುತ್ತದೆ, ಬಾಗಿಲಿನ ಸಂದಿಯಲ್ಲಿ ಬೆರಳು ಸಿಕ್ಕಿದ ಹಾಗೆ. ಎಂಜಿನ್ ಓಡುತ್ತಿರುವಾಗ ಅಲ್ಲಿ ಕಾಲಿಡಲೇಬಾರದು. ಗ್ರೀಸ್ ಹಾಕಲೋ ರಿಪೇರಿಗೋ ಹೋಗುವುದಿದ್ದರೆ ಎಂಜಿನ್ ಆರಿಸಿ, ಕೀಲಿಗೆ ಲಾಕ್ ಪಿನ್ ಹಾಕಿದ ಮೇಲೆ ಹೋಗಿ.

ಎಕ್ಸ್‌ಕವೇಟರ್‌ನಲ್ಲಿ ಎಲ್ಲರ ಕಣ್ಣು ಬಕೆಟ್ ಮೇಲೆ. ಜನ ಸಿಕ್ಕಿಕೊಳ್ಳುವುದು ಹಿಂಭಾಗಕ್ಕೆ. ಅದು ತಿರುಗುವಾಗ ಹಿಂದಿನ ಭಾರದ ತುಂಡು ಗೋಡೆಯ ಹತ್ತಿರಕ್ಕೆ ಬೀಸಿ ಬರುತ್ತದೆ. ಗೋಡೆಗೂ ಅದಕ್ಕೂ ನಡುವೆ ಅರ್ಧ ಮೀಟರ್‌ಗಿಂತ ಕಡಿಮೆ ಉಳಿಯುವುದಾದರೆ ಆ ಕಡೆ ಯಾರೂ ಹೋಗದ ಹಾಗೆ ತಡೆ ಕಟ್ಟಿ.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಹೊಸಬರಿಗೆ ನಂಬಿಕೆ ಬರುವುದಿಲ್ಲ. ಹಾಗಾಗಿ ಒಂದು ಕೆಲಸ ಮಾಡಿ. ಯಂತ್ರ ಆರಿಸಿ, ಕೀ ತೆಗೆದು, ಹೊಸಬರನ್ನು ಆಪರೇಟರ್ ಸೀಟಿನಲ್ಲಿ ಕೂರಿಸಿ. ಉಳಿದವರು ಯಂತ್ರದ ಸುತ್ತ ನಿಲ್ಲಲಿ. ‘ಎಷ್ಟು ಜನ ಕಾಣ್ತಿದ್ದಾರೆ?’ ಅಂತ ಕೇಳಿ. ಕಾಣದವರು ನಿಂತ ಜಾಗಕ್ಕೆ ನೆಲದ ಮೇಲೆ ಸುಣ್ಣ ಹಾಕಿ. ಆಮೇಲೆ ಅವರನ್ನು ಕೆಳಗಿಳಿಸಿ ಆ ಸುಣ್ಣದ ಗುರುತು ತೋರಿಸಿ. ಹತ್ತು ನಿಮಿಷದ ಈ ಪಾಠ ಗೋಡೆಗೆ ಅಂಟಿಸಿದ ಎಷ್ಟೋ ಪೋಸ್ಟರ್‌ಗಳಿಗಿಂತ ಮೇಲು ಅಂತ ನನ್ನ ನಂಬಿಕೆ.

ಓಡುತ್ತಿರುವ ಯಂತ್ರದ ಹತ್ತಿರ ಹೋಗಲೇಬೇಕಾದರೆ

1. ದೂರದಲ್ಲೇ ನಿಲ್ಲಿ. ಆಪರೇಟರ್ ಮುಖ ನಿಮಗೆ ಕಾಣುವ ಜಾಗ ಆರಿಸಿಕೊಳ್ಳಿ. ಅವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುವುದಿಲ್ಲ.
2. ರೇಡಿಯೊದಲ್ಲಿ ಕರೆಯಿರಿ, ಇಲ್ಲವೇ ಲೈಟಿನ ಸನ್ನೆ ಮಾಡಿ. ಉತ್ತರ ಬರುವವರೆಗೆ ಕಾಯಿರಿ.
3. ಆಪರೇಟರ್ ಬಕೆಟ್ ನೆಲಕ್ಕಿಳಿಸಿ, ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆದು, ಎರಡೂ ಕೈ ಎತ್ತಿ ತೋರಿಸಬೇಕು. ಕೈ ಲಿವರ್ ಮೇಲೆ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.
4. ಆಮೇಲೆ ಹೋಗಿ. ಕೆಲಸ ಮುಗಿಸಿ ಹೋದ ದಾರಿಯಲ್ಲೇ ವಾಪಸ್ ಬಂದು, ಮೊದಲು ನಿಂತಿದ್ದ ಜಾಗದಿಂದಲೇ ‘ಹೊರಗೆ ಬಂದೆ’ ಅಂತ ಸನ್ನೆ ಮಾಡಿ.

ಜನ ಬಿಡುವುದು ಈ ನಾಲ್ಕನೆಯದನ್ನು. ಹೋಗುವಾಗ ಎಲ್ಲರಿಗೂ ಭಯ ಇರುತ್ತದೆ, ಬರುವಾಗ ಇರುವುದಿಲ್ಲ. ‘ಹೋಗಿರಬೇಕು ಬಿಡು’ ಅಂದುಕೊಂಡು ಆಪರೇಟರ್ ಗೇರ್ ಹಾಕುತ್ತಾರೆ, ನೀವಿನ್ನೂ ಟಯರಿನ ಪಕ್ಕದಲ್ಲೇ ಬಗ್ಗಿರುತ್ತೀರಿ.

ಹಿಂದಕ್ಕೆ ಓಡಿಸುವಾಗಿನ ಪೀಂ ಪೀಂ ಅಲಾರಂ ನಂಬಿ ಕೂರಬೇಡಿ. ದಿನವಿಡೀ ಕೇಳಿ ಕೇಳಿ ಕಿವಿ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಜೊತೆಗೆ ಸುರಂಗದ ಗೋಡೆಗೆ ಬಡಿದು ಸದ್ದು ಎಲ್ಲ ಕಡೆಯಿಂದ ಬಂದ ಹಾಗೆ ಕೇಳುತ್ತದೆ. ಯಾವ ದಿಕ್ಕಿನ ಯಂತ್ರ ಅಂತ ತಿಳಿಯುವುದೇ ಇಲ್ಲ. ‘ಶ್‌ಶ್’ ಅನ್ನುವ ಹೊಸ ಬಗೆಯ ಅಲಾರಂಗಳಲ್ಲಿ ದಿಕ್ಕು ಚೆನ್ನಾಗಿ ಗೊತ್ತಾಗುತ್ತದೆ, ಸಿಕ್ಕರೆ ಅವನ್ನೇ ಹಾಕಿಸಿ. ಅದಕ್ಕಿಂತ ಒಳ್ಳೆಯದು ಅಲ್ಲಲ್ಲಿ ತಿರುಗುವ ಜಾಗ ಕೊರೆದು, ಹಿಂದಕ್ಕೆ ಓಡಿಸುವ ದೂರವನ್ನೇ ಕಡಿಮೆ ಮಾಡುವುದು. ಮೈಮೇಲೆ ಟ್ಯಾಗ್ ಧರಿಸಿದವರು ಯಂತ್ರದ ಹತ್ತಿರ ಬಂದರೆ ಕೂಗುವ ಸೆನ್ಸರ್‌ಗಳೂ ಬಂದಿವೆ. ಇರಲಿ, ಆದರೆ ಬ್ಯಾಟರಿ ಸತ್ತ ಟ್ಯಾಗ್ ಏನನ್ನೂ ಹೇಳುವುದಿಲ್ಲ.

ಒಂದು ಯಂತ್ರಕ್ಕೆ ಸಿಗ್ನಲ್ ಕೊಡುವವರು ಒಬ್ಬರೇ ಇರಬೇಕು. ಅವರು ಕಣ್ಣಿಗೆ ಕಾಣದಾದರೆ ಆಪರೇಟರ್ ಆ ಕ್ಷಣವೇ ನಿಲ್ಲಿಸಬೇಕು. ‘ನಿಲ್ಲಿಸು’ ಅನ್ನುವ ಸನ್ನೆ ಮಾತ್ರ ಯಾರು ಕೊಟ್ಟರೂ ನಡೆಯುತ್ತದೆ, ಇವತ್ತೇ ಸೇರಿದ ಹೆಲ್ಪರ್ ಕೊಟ್ಟರೂ.

ಇಷ್ಟೆಲ್ಲ ಮಾಡಿದರೆ ಕೆಲಸ ಮುಗಿಯುತ್ತಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಸ್ವಿಟ್ಜರ್ಲೆಂಡಿನ ಗೋಥಾರ್ಡ್ ಬೆಟ್ಟದಲ್ಲಿ 1872ರಿಂದ 1882ರವರೆಗೆ 15 ಕಿ.ಮೀ. ಉದ್ದದ ರೈಲು ಸುರಂಗ ಕೊರೆದಾಗ ಸುಮಾರು 200 ಜನ ಸತ್ತರು. ಅದೇ ಬೆಟ್ಟದ ಬುಡದಲ್ಲಿ ಕೊರೆದು 2016ರಲ್ಲಿ ಸಂಚಾರಕ್ಕೆ ತೆರೆದ ಹೊಸ ಸುರಂಗದ ಉದ್ದ 57 ಕಿ.ಮೀ. ಅಲ್ಲಿ ಸತ್ತವರು 9 ಜನ. ಒಂಬತ್ತೂ ಜಾಸ್ತಿಯೇ. ಆದರೆ ಜೀವ ಉಳಿಸಿಕೊಂಡೂ ಕೆಲಸ ಮುಗಿಯುತ್ತದೆ ಅನ್ನುವುದು ಸುಳ್ಳಲ್ಲ ತಾನೇ?

ಫೇಸ್‌ನಲ್ಲಿ ಕೆಲಸ ಮಾಡುವಾಗ

ಫೇಸ್ ಅಂದರೆ ಸುರಂಗ ಕೊರೆಯುತ್ತಾ ಇರುವ ಮುಂದಿನ ತುದಿಯ ಬಂಡೆ. ಬಂಡೆ ಸಿಡಿಸಿ ಮುಂದೆ ಸಾಗುವ ಸುರಂಗದಲ್ಲಿ ಕೆಲಸ ಒಂದು ಚಕ್ರದ ಹಾಗೆ ತಿರುಗುತ್ತದೆ. ತೂತು ಕೊರೆಯುವುದು, ಮದ್ದು ತುಂಬುವುದು, ಸಿಡಿಸುವುದು, ಹೊಗೆ ಹೊರಹಾಕುವುದು, ಸಡಿಲ ಕಲ್ಲು ಕೆಡವುವುದು, ಮಕ್ (ಸಿಡಿದು ಬಿದ್ದ ಕಲ್ಲು ಮಣ್ಣು) ಎತ್ತುವುದು, ಶಾಟ್‌ಕ್ರೀಟ್ (ಬಂಡೆಯ ಮೇಲೆ ಒತ್ತಡದಿಂದ ಹೊಡೆಯುವ ಕಾಂಕ್ರೀಟ್), ರಾಕ್ ಬೋಲ್ಟ್ (ಬಂಡೆಯನ್ನು ಹಿಡಿದಿಡುವ ಕಬ್ಬಿಣದ ಸರಳು). ಮತ್ತೆ ಮೊದಲಿಂದ.

ಜಂಬೋ (ತೂತು ಕೊರೆಯುವ ದೊಡ್ಡ ಯಂತ್ರ) ಕೊರೆಯುವಾಗ ಅದರ ಬೂಮ್ (ಉದ್ದನೆಯ ತೋಳು) ಚಾಚಬಹುದಾದ ಜಾಗದೊಳಗೆ ಯಾರೂ ಇರಬಾರದು. ತಿರುಗುವ ಡ್ರಿಲ್ ರಾಡನ್ನು ಗ್ಲೌಸ್ ಹಾಕಿದ ಕೈಯಿಂದ ಹಿಡಿದು ಸರಿಮಾಡುವ ಚಟ ಕೆಲವರಿಗಿದೆ. ರಾಡ್ ಗ್ಲೌಸನ್ನು ಸುತ್ತಿಕೊಂಡರೆ ಕೈ ಅದರ ಹಿಂದೆಯೇ ಹೋಗುತ್ತದೆ. ತಿರುಗುವುದು ನಿಂತ ಮೇಲೆ ಮುಟ್ಟಿ. ಹಿಂದಿನ ಸಲದ ತೂತಿನ ಬುಡ ಉಳಿದಿದ್ದರೆ ಅದರೊಳಗೆ, ಅದಕ್ಕೆ ತಾಗಿ, ಎಂದೂ ಕೊರೆಯಬೇಡಿ. ಸಿಡಿಯದ ಮದ್ದು ಅಲ್ಲಿ ಉಳಿದಿರಬಹುದು.

ಸಡಿಲ ಕಲ್ಲನ್ನು ಆದಷ್ಟು ಯಂತ್ರದಿಂದಲೇ ಕೆಡವಿ. 30 ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ಕಲ್ಲು ಸುಮಾರು 70 ಕೆ.ಜಿ. ತೂಗುತ್ತದೆ. ಹೆಲ್ಮೆಟ್ ಅದನ್ನು ತಡೆಯುವುದಿಲ್ಲ.

ಮಕ್ ಎತ್ತುವಾಗ ಆ ಜಾಗ ಪೂರ್ತಿ ಯಂತ್ರಗಳದ್ದು. ಅಲ್ಲಿ ನಡೆದು ಓಡಾಡುವವರು ಇರಲೇಬಾರದು. ಡಂಪರ್ ಡ್ರೈವರ್ ಇಳಿದು ಬೀಡಿ ಸೇದುತ್ತಾ ಪಕ್ಕದಲ್ಲಿ ನಿಲ್ಲುವುದೂ ಬೇಡ. ಲೋಡ್ ಆಗುವಾಗ ಕ್ಯಾಬಿನ್ ಒಳಗೇ ಇರಬೇಕಾ, ಇಳಿದು ದೂರ ಹೋಗಬೇಕಾ ಅನ್ನುವುದು ಕ್ಯಾಬಿನ್ ಮೇಲೆ ಗಟ್ಟಿ ಕವಚ ಇದೆಯಾ ಅನ್ನುವುದರ ಮೇಲೆ ನಿಂತಿದೆ. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಶಾಟ್‌ಕ್ರೀಟ್ ನೋಡುವುದಕ್ಕೆ ಬಂಡೆಗೆ ಅಂಟಿಕೊಂಡು ಗಟ್ಟಿ ನಿಂತ ಹಾಗೆ ಕಾಣುತ್ತದೆ. 10 ಸೆಂ.ಮೀ. ದಪ್ಪಕ್ಕೆ ಹೊಡೆದರೆ ಒಂದು ಚದರ ಮೀಟರಿಗೆ ಸುಮಾರು 240 ಕೆ.ಜಿ. ಭಾರ ಮೇಲೆ ನೇತಾಡುತ್ತಿರುತ್ತದೆ. ಅದು ಹಸಿ ಇರುವಾಗ ಕೆಳಗೆ ಹೋಗುವ ಹಾಗಿಲ್ಲ. ಹಲವು ಕಡೆ 1 ಮೆಗಾಪ್ಯಾಸ್ಕಲ್ ಬಲ ಬಂದಿದೆ ಅಂತ ಪರೀಕ್ಷೆ ಮಾಡಿ ನೋಡಿದ ಮೇಲೆಯೇ ಜನರನ್ನು ಬಿಡುತ್ತಾರೆ. ಬೆರಳಿಂದ ಒತ್ತಿ ‘ಗಟ್ಟಿ ಆಗಿದೆ’ ಅನ್ನುವುದು ಪರೀಕ್ಷೆ ಅಲ್ಲ. ಶಾಟ್‌ಕ್ರೀಟ್ ಹೋಸ್ ಬ್ಲಾಕ್ ಆದಾಗ ಒತ್ತಡ ಇಳಿಸದೆ ಜೋಡಣೆ ಬಿಚ್ಚಿದರೆ ಅದು ಹಾವಿನ ಹಾಗೆ ಹೆಡೆ ಎತ್ತಿ ಬಡಿಯುತ್ತದೆ. ಪಂಪ್ ನಿಲ್ಲಿಸಿ, ಒತ್ತಡ ಸೊನ್ನೆಗೆ ಬಂದಿದ್ದು ನೋಡಿ, ಆಮೇಲೆ ಬಿಚ್ಚಿ.

ಟಿಬಿಎಂ ಇರುವ ಸುರಂಗದಲ್ಲಿ

ಟಿಬಿಎಂ (ಟನಲ್ ಬೋರಿಂಗ್ ಮೆಷಿನ್, ಸುರಂಗವನ್ನೇ ಕೊರೆಯುತ್ತಾ ಸಾಗುವ ಯಂತ್ರ) ಅಂದರೆ ಒಂದು ಉದ್ದನೆಯ ಕಾರ್ಖಾನೆ. ಅಪಾಯವೂ ಕಾರ್ಖಾನೆಯದ್ದೇ, ಜಾಗ ಮಾತ್ರ ಇಕ್ಕಟ್ಟು.

ಸುರಂಗದ ಗೋಡೆಗೆ ಜೋಡಿಸುವ ಕಾಂಕ್ರೀಟ್ ಸೆಗ್ಮೆಂಟ್ (ತುಂಡು) ಒಂದೊಂದೂ ಟನ್‌ಗಟ್ಟಲೆ ತೂಗುತ್ತದೆ. ಇರೆಕ್ಟರ್ (ಸೆಗ್ಮೆಂಟ್ ಜೋಡಿಸುವ ಯಂತ್ರದ ತೋಳು) ಅದನ್ನು ಎತ್ತಿ ತಿರುಗಿಸುವಾಗ ಕೆಳಗೆ ಯಾರೂ ಇರಬಾರದು. ರಿಮೋಟ್ ಹಿಡಿದವರಿಗೆ ಅಲ್ಲಿರುವ ಎಲ್ಲರೂ ಕಾಣುತ್ತಿರಬೇಕು, ಒಬ್ಬರು ಮರೆಯಾದರೂ ಕೈ ನಿಲ್ಲಬೇಕು. ಬೋಲ್ಟ್ ತೂತು ಹೊಂದಿದೆಯಾ ಅಂತ ಬೆರಳು ಹಾಕಿ ನೋಡುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ.

ಲೋಕೋ (ಸುರಂಗದ ಸಣ್ಣ ರೈಲು ಎಂಜಿನ್) ಬೋಗಿಗಳನ್ನು ಹಿಂದಿನಿಂದ ತಳ್ಳಿಕೊಂಡು ಬರುವಾಗ ಡ್ರೈವರ್ ಕೊನೆಯಲ್ಲಿರುತ್ತಾರೆ. ಹಾಗಾಗಿ ಮುಂದಿನ ತುದಿಯಲ್ಲಿ ಲೈಟು, ಕ್ಯಾಮೆರಾ ಬೇಕು. ಬೋಗಿಗಳ ನಡುವೆ ಹತ್ತಿ ಇಳಿದು ದಾಟುವುದು, ಕೊಂಡಿಯ ಮೇಲೆ ನಿಂತು ಸವಾರಿ ಮಾಡುವುದು ಎರಡೂ ಬೇಡ. ಕನ್ವೇಯರ್ ಬೆಲ್ಟನ್ನು ಸೇತುವೆ ಇರುವ ಕಡೆ ಮಾತ್ರ ದಾಟಿ. ಬೆಲ್ಟಿನ ಪಕ್ಕ ಎಳೆಯುವ ಹಗ್ಗ ಇರುತ್ತದೆ, ಎಳೆದರೆ ಬೆಲ್ಟ್ ನಿಲ್ಲುತ್ತದೆ. ಅದು ಎಲ್ಲಿದೆ ಅಂತ ಕೈಗೆ ಗೊತ್ತಿರಬೇಕು.

ಎಣ್ಣೆ ಸೋರಿಕೆಯನ್ನು ಸಣ್ಣದು ಅಂದುಕೊಳ್ಳಬೇಡಿ. 1994ರಲ್ಲಿ ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸುರಂಗದಲ್ಲಿ ಟಿಬಿಎಂಗೆ ಬೆಂಕಿ ಬಿತ್ತು. ಉರಿದದ್ದು ಹೈಡ್ರಾಲಿಕ್ ಎಣ್ಣೆ. ಆ ಬಿಸಿಗೆ ಸುರಂಗದ ಕಾಂಕ್ರೀಟೇ ಪದರ ಪದರವಾಗಿ ಸಿಡಿದು ಹೋಯಿತು.

ರಿಪೇರಿ ಮಾಡುವಾಗ ಬೀಗ

ಸ್ವಿಚ್ ಆಫ್ ಮಾಡಿದ ಯಂತ್ರ ನಿಂತಿರುತ್ತದೆ, ಅಷ್ಟೇ. ಇನ್ನೊಬ್ಬರು ಬಂದು ಆನ್ ಮಾಡಬಹುದು. ಅದಕ್ಕೇ ಬೀಗ. ರಿಪೇರಿಗೆ ಇಳಿಯುವ ಪ್ರತಿಯೊಬ್ಬರೂ ಮೇನ್ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಿ, ಕೀಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಐದು ಜನ ಇಳಿದರೆ ಐದು ಬೀಗ. ಫೋರ್‌ಮನ್ ಒಬ್ಬರೇ ಎಲ್ಲರ ಪರವಾಗಿ ಒಂದು ಬೀಗ ಹಾಕುವುದು ನಡೆಯುವುದಿಲ್ಲ.

ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಿ. ಯಂತ್ರ ಶುರುವಾಗಬಾರದು. ಸುಮಾರು ಜನ ಬೇರೆ ಯಾವುದೋ ಸ್ವಿಚ್ಚಿಗೆ ಬೀಗ ಹಾಕಿ ನೆಮ್ಮದಿಯಾಗಿ ಒಳಗಿಳಿಯುತ್ತಾರೆ. ಈ ಒಂದು ಒತ್ತು ಅದನ್ನು ಹಿಡಿದುಕೊಡುತ್ತದೆ.

ಇಷ್ಟಾದರೂ ಯಂತ್ರದಲ್ಲಿ ಶಕ್ತಿ ಉಳಿದಿರುತ್ತದೆ. ಎತ್ತಿದ ಬೂಮ್, ಅಕ್ಯುಮುಲೇಟರ್‌ನಲ್ಲಿ ಹಿಡಿದಿಟ್ಟ ಒತ್ತಡ, ಏರ್ ಟ್ಯಾಂಕು, ಬಿಗಿದ ಸ್ಪ್ರಿಂಗು. ಬೂಮನ್ನು ನೆಲಕ್ಕಿಳಿಸಿ ಅಥವಾ ಗಟ್ಟಿ ಆಸರೆ ಕೊಡಿ, ಒತ್ತಡ ಬಿಟ್ಟು ಗೇಜ್ ನೋಡಿ. ಟಿಬಿಎಂನ ಕಟರ್ ಹೆಡ್ (ತಿರುಗುತ್ತಾ ಬಂಡೆ ಕೊರೆಯುವ ಮುಂಭಾಗ) ಒಳಗೆ ಹೋಗುವಾಗ ಅದು ತಿರುಗದಂತೆ ಲಾಕ್ ಆಗಿರಬೇಕು, ಒಳಗೆ ಹೋಗಲು ಬರೆದ ಪರ್ಮಿಟ್ ಕೈಯಲ್ಲಿರಬೇಕು.

ಹೈಡ್ರಾಲಿಕ್ ಹೋಸಿನ ಸೋರಿಕೆಯನ್ನು ಕೈಯಿಂದ ತಡಕಿ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಸೂಜಿ ಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ ಮಾತ್ರ, ಮೊದಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಇದು ಬ್ಯಾಂಡೇಜ್ ಹಾಕಿ ಕಳಿಸುವ ಗಾಯ ಅಲ್ಲ. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗಬಹುದು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ‘ಒತ್ತಡದ ಎಣ್ಣೆ ಒಳಗೆ ಹೋಗಿದೆ’ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಗಾಳಿ, ಧೂಳು, ಸದ್ದು

ಗಾಳಿಯಲ್ಲಿ ಆಮ್ಲಜನಕ ಸುಮಾರು 20.9% ಇರುತ್ತದೆ. ಗಾಳಿ ಅಳೆಯುವ ಮೀಟರ್ 19.5%ಕ್ಕಿಂತ ಕೆಳಗೆ ತೋರಿಸಿದರೆ ಹೊರಗೆ ಬನ್ನಿ. ಮೀಥೇನ್ 5ರಿಂದ 15% ಇದ್ದರೆ ಕಿಡಿ ತಾಗಿದ ಕೂಡಲೇ ಸ್ಫೋಟ. ಅಷ್ಟು ಆಗುವವರೆಗೆ ಕಾಯುವುದಲ್ಲ, 1% ಮುಟ್ಟುವ ಮೊದಲೇ ಕೆಲಸ ನಿಲ್ಲಬೇಕು. ಎಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯ್ತು ಅಂತ ಖುಷಿಪಡಬೇಡಿ, ಮೀಟರ್ ನೋಡಿ. ಪೆಟ್ರೋಲ್ ಎಂಜಿನ್ ಒಳಗೆ ತರಲೇಬಾರದು. ಡೀಸೆಲ್ ಯಂತ್ರ ಸುಮ್ಮನೆ ನಿಂತಾಗ ಆರಿಸಿ.

ಇನ್ನು ಧೂಳು. ನೀರು ಹಾಕದೆ ಮಾಡುವ ಒಣ ಕೊರೆತದ ಬೆಲೆ ಏನು ಅಂತ ತಿಳಿಯಲು ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗ ನೋಡಿದರೆ ಸಾಕು. 1930ರ ಸುಮಾರಿಗೆ ಸಿಲಿಕಾ ತುಂಬಿದ ಬಂಡೆಯನ್ನು ನೀರು ಹಾಕದೆ ಕೊರೆದರು. ನೂರಾರು ಕೆಲಸಗಾರರು ಸಿಲಿಕೋಸಿಸ್‌ನಿಂದ (ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಸತ್ತರು. ನೀರು ಬರುತ್ತಿಲ್ಲ ಅಂದರೆ ಕೊರೆತ ನಿಲ್ಲಿಸಿ.

85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ದಿನವಿಡೀ ಇದ್ದರೆ ಕಿವಿ ಹಾಳು. ಕಿವಿ ಮುಚ್ಚಿಕೊಂಡಾಗ ಕೂಗು ಕೇಳುವುದಿಲ್ಲ, ಅದಕ್ಕೇ ಮೊದಲು ಹೇಳಿದ ಸನ್ನೆಗಳು ಬೇಕು.

ಏನಾದರೂ ಆದಾಗ

ಯಂತ್ರಕ್ಕೆ ಬೆಂಕಿ ಬಿದ್ದರೆ ಎಂಜಿನ್ ಆರಿಸಿ, ಬೆಂಕಿ ಆರಿಸುವ ಬಟನ್ ಒತ್ತಿ, ರೇಡಿಯೊದಲ್ಲಿ ಜಾಗ ಹೇಳಿ. ಒಂದು ಪ್ರಯತ್ನಕ್ಕೆ ಆರದಿದ್ದರೆ ಬಿಟ್ಟು ಹೊರಡಿ. ಹೊಗೆ ನಿಮಗಿಂತ ವೇಗವಾಗಿ ಬರುತ್ತದೆ.

ಆಮ್ಲಜನಕ ಕೊಡುವ ಸೆಲ್ಫ್ ರೆಸ್ಕ್ಯೂವರ್ ಹಾಕಿಕೊಂಡಾಗ ಬಾಯಿಗೆ ಬರುವ ಗಾಳಿ ಬಿಸಿಯಾಗಿ, ಒಣಗಿದ ಹಾಗಿರುತ್ತದೆ. ಹೊಸಬರು ಕೆಟ್ಟುಹೋಗಿದೆ ಅಂತ ಗಾಬರಿಯಾಗಿ ಕಿತ್ತು ಹಾಕುತ್ತಾರೆ. ಬಿಸಿ ಬಂದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಒಳ್ಳೆಯ ಗಾಳಿ ಇರುವ ಜಾಗಕ್ಕೋ ಆಸರೆ ಕೋಣೆಗೋ ತಲುಪುವವರೆಗೆ ತೆಗೆಯಬೇಡಿ, ಮಾತಾಡಲೂ ಬಾಯಿಂದ ಬಿಡಬೇಡಿ. ಕಣ್ಣು ಕಟ್ಟಿಕೊಂಡು ಅದನ್ನು ಹಾಕಿಕೊಳ್ಳುವ ಅಭ್ಯಾಸ ಮಾಡಿ ನೋಡಿ. ಹೊಗೆಯಲ್ಲಿ ಕಣ್ಣಿದ್ದೂ ಪ್ರಯೋಜನವಿಲ್ಲ.

ಯಾರಾದರೂ ಯಂತ್ರದಡಿ ಸಿಕ್ಕಿದರೆ ಎಲ್ಲರ ಮೊದಲ ಕೂಗು ‘ರಿವರ್ಸ್ ತಗೋ’ ಅಂತ. ಬೇಡ. ಯಂತ್ರ ಇದ್ದಲ್ಲೇ ನಿಲ್ಲಿಸಿ, ಅಲುಗದಂತೆ ಚಕ್ರಕ್ಕೆ ಕಟ್ಟೆ ಕೊಟ್ಟು, ರಕ್ಷಣಾ ತಂಡ ಕರೆಯಿರಿ. ಗಾಬರಿಯಲ್ಲಿ ಒಂದು ಅಡಿ ಹಿಂದೆ ಸರಿದ ಚಕ್ರ ಇನ್ನೊಮ್ಮೆ ಅವರ ಮೇಲೇ ಹತ್ತಬಹುದು.

ಹೊರಗೆ ಬರುವಾಗ

ಮುಂದಿನ ಶಿಫ್ಟಿನ ಆಪರೇಟರ್‌ಗೆ ಎದುರಾ ಎದುರು ನಿಂತು ಹೇಳಿ: ಯಾವ ಬ್ರೇಕ್ ಸ್ವಲ್ಪ ಎಳೀತಾ ಇದೆ, ಎಲ್ಲಿ ಕಲ್ಲು ಸಡಿಲ ಇದೆ, ಯಾವ ಶಾಟ್‌ಕ್ರೀಟ್ ಹಸಿ ಇದೆ. ರಿಜಿಸ್ಟರಿನಲ್ಲೂ ಬರೆಯಿರಿ. ಬೀಗ ಹಾಕಿದ್ದರೆ ನೀವೇ ತೆಗೆದು ಬನ್ನಿ.

ಕೊನೆಗೆ ಟ್ಯಾಗ್. ಅದು ಬೋರ್ಡಿನಲ್ಲೇ ಉಳಿದರೆ ನೀವು ಒಳಗೇ ಇದ್ದೀರಿ ಅಂತ ಲೆಕ್ಕ. ಮದ್ದು ಸಿಡಿಸುವುದು ನಿಲ್ಲುತ್ತದೆ, ನಿಮ್ಮನ್ನು ಹುಡುಕಲು ಇಬ್ಬರು ಫೇಸ್‌ವರೆಗೂ ನಡೆದು ಹೋಗುತ್ತಾರೆ. ಮನೆಗೆ ಹೋದ ಮೇಲೆ ನೆನಪಾದರೂ ಸರಿ, ನಾಚಿಕೆಪಡದೆ ಗೇಟಿಗೆ ಫೋನ್ ಮಾಡಿ ಹೇಳಿಬಿಡಿ.